ಟರ್ಕಿಗೆ ಹೋಗೋ ದಾರಿ ನಾಡಕಚೇರಿ ಮುಂದೇನೇ ಹಾದು ಹೋಗುತ್ತೆ

1/9

ಈಚೆಗೆ ಡಿಎಂ ತೆಗೆದರೆ ಸಾಕು, ಒಂದೇ ರೀಲು, ಬೇರೆ ಬೇರೆಯವರು ಕಳಿಸಿದ್ದು. ಇಸ್ತಾಂಬುಲ್ ಸಮುದ್ರ, ಮೇಲೆ ಹಾರೋ ಹಕ್ಕಿಗಳು, ಮಧ್ಯೆ ದೊಡ್ಡಕ್ಷರದಲ್ಲಿ "ಟರ್ಕಿಯಲ್ಲಿ ಪೂರ್ತಿ ಫ್ರೀ ಓದು". ಕೆಳಗೆ ಎರಡು ಪ್ರಶ್ನೆ: "ಅಕ್ಕಾ, ಇದು ನಿಜಾನಾ? ನಮ್ಮಂಥವರಿಗೂ ಸಿಗುತ್ತಾ?"

ಮೊದಲನೇದಕ್ಕೆ ಉತ್ತರ ಸುಲಭ. ನಿಜ. ಎರಡನೇದಕ್ಕೆ ಒಂದು ಸಾಲಲ್ಲಿ ಉತ್ತರ ಕೊಡೋಕೆ ಆಗಲ್ಲ. ಅದಕ್ಕೇ ಈ ಒಂಬತ್ತು ಪೋಸ್ಟು.

ನಮ್ಮಂಥವರು ಅಂದ್ರೆ ಯಾರು? ಕಡೂರು ಕಡೆ ಮಳೆ ಕೈಕೊಟ್ಟು ತೆಂಗು ಒಣಗಿದ ಮನೆಯವರು. ತರೀಕೆರೆ ಕಡೆ ಅಡಿಕೆ ಸುಲಿಯೋಕೆ ಹೋಗೋ ಅಮ್ಮಂದಿರ ಮಕ್ಕಳು. ಅಜ್ಜಂಪುರದಲ್ಲಿ ಈರುಳ್ಳಿ ರೇಟು ಬಿದ್ದ ವರ್ಷ ಫೀಸಿಗೆ ಸಾಲ ಹುಡುಕಿದವರು. ಸರ್ಕಾರಿ ಶಾಲೆ, ಕನ್ನಡ ಮೀಡಿಯಂ, ಬಸ್ ಪಾಸು. ನಾನು ಬರೀತಿರೋದು ಇವರಿಗೆ, ಅಂದ್ರೆ ನಮಗೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಒಪ್ಪದಿದ್ದರೆ ಕಾಮೆಂಟಲ್ಲಿ ಜಗಳ ಆಡಿ. ನಮ್ಮ ಮೂರು ತಾಲ್ಲೂಕಿನ ಹುಡುಗ್ರು ಹುಡುಗೀರಿಗೆ ಸ್ಕಾಲರ್‌ಶಿಪ್ ತಪ್ಪೋದಕ್ಕೆ ಮಾರ್ಕ್ಸ್ ಒಂದೇ ಕಾರಣ ಅಂತ ನಾನು ಒಪ್ಪಲ್ಲ. ಅರ್ಜಿ ಹಾಕಿಸೋದು ಯಾರ ಕೆಲಸ ಅಂತ ಇವತ್ತಿನವರೆಗೂ ಯಾರೂ ತೀರ್ಮಾನ ಮಾಡಿಲ್ಲ. ಮೇಷ್ಟ್ರು ಮಕ್ಕಳ ಕೆಲಸ ಅಂತಾರೆ, ಮಕ್ಕಳು ಅಪ್ಪನ ಕೆಲಸ ಅಂದ್ಕೋತಾರೆ, ಅಪ್ಪ ಸೈಬರ್ ಸೆಂಟರಿನವನ ಕೆಲಸ ಅಂದ್ಕೋತಾನೆ. ಅಷ್ಟರಲ್ಲಿ ಕೊನೇ ದಿನಾಂಕ ಹೋಗಿರುತ್ತೆ.

2/9

ಮೊದಲು ಟರ್ಕಿ ವಿಷಯ ಮುಗಿಸೋಣ.

ಸ್ಕೀಮಿನ ಹೆಸರು "ತುರ್ಕಿಯೆ ಬುರ್ಸ್‌ಲರಿ". ಅವರ ಭಾಷೆಯಲ್ಲಿ ಬುರ್ಸ್ ಅಂದ್ರೆ ವಿದ್ಯಾರ್ಥಿವೇತನ. 2012ರಿಂದ ಈ ಹೆಸರಲ್ಲಿ ಅಲ್ಲಿನ ಸರ್ಕಾರವೇ ನಡೆಸ್ತಿದೆ. ಆಯ್ಕೆಯಾದರೆ ಯೂನಿವರ್ಸಿಟಿ ಫೀಸು ಇಲ್ಲ. ಉಳಿಯೋಕೆ ಸರ್ಕಾರಿ ಹಾಸ್ಟೆಲ್, ಆರೋಗ್ಯ ವಿಮೆ, ತಿಂಗಳ ಖರ್ಚಿಗೆ ದುಡ್ಡು, ಹೋಗೋಕೂ ಬರೋಕೂ ವಿಮಾನದ ಟಿಕೆಟ್, ಓದು ಶುರುವಾಗೋ ಮುಂಚೆ ಒಂದು ವರ್ಷ ಅವರ ಭಾಷೆಯ ಕ್ಲಾಸು.

ಡಿಗ್ರಿಗೆ ಸೇರೋರು 21 ವರ್ಷದ ಒಳಗಿರಬೇಕು, ಮಾಸ್ಟರ್ಸ್‌ಗೆ 30, ಪಿಎಚ್.ಡಿಗೆ 35. ಕನಿಷ್ಠ ಅಂಕ ಡಿಗ್ರಿಗೆ ಶೇ 70, ಮಾಸ್ಟರ್ಸ್ ಮತ್ತು ಪಿಎಚ್.ಡಿಗೆ ಶೇ 75, ವೈದ್ಯಕೀಯ ವಿಭಾಗದ ಕೋರ್ಸಿಗೆ ಶೇ 90. ಅರ್ಜಿ ಸಾಮಾನ್ಯವಾಗಿ ಜನವರಿ–ಫೆಬ್ರವರಿಯಲ್ಲಿ, ಆನ್‌ಲೈನಲ್ಲಿ. ಅರ್ಜಿ ಶುಲ್ಕ ಸೊನ್ನೆ. ಇದನ್ನ ಮತ್ತೊಮ್ಮೆ ಓದಿ: ಸೊನ್ನೆ. "ಸೀಟು ಕೊಡಿಸ್ತೀನಿ, ಮೊದಲು ರಿಜಿಸ್ಟ್ರೇಷನ್ ಫೀಸು ಹಾಕು" ಅನ್ನೋನು ಸಿಕ್ಕರೆ ಬ್ಲಾಕ್ ಮಾಡಿ.

ರೀಲಲ್ಲಿ ಹೇಳದೇ ಬಿಟ್ಟಿದ್ದು ಮೂರು ವಿಷಯ.

ಒಂದು, ಹೆಚ್ಚಿನ ಕೋರ್ಸುಗಳ ಪಾಠ ಟರ್ಕಿಶ್ ಭಾಷೆಯಲ್ಲೇ. ಆ ಒಂದು ವರ್ಷದ ಭಾಷಾ ತರಗತಿ ತಮಾಷೆ ಅಲ್ಲ, ಅದರಲ್ಲಿ ಪಾಸಾಗಲೇಬೇಕು. ಕನ್ನಡ ಮೀಡಿಯಂನಿಂದ ಬಂದು ಇಂಗ್ಲಿಷ್ ಹಿಡಿದವರಿಗೆ ಹೊಸ ಭಾಷೆ ಕಲಿಯೋದು ಅಂದ್ರೆ ಏನು ಅಂತ ಗೊತ್ತಿರುತ್ತೆ, ಅದಕ್ಕೆ ಹೆದರಬೇಡಿ. ಆದರೆ ಲೆಕ್ಕಕ್ಕೆ ತಗೊಳ್ಳಿ.

ಎರಡು, ಡಾಕ್ಟರಾಗಿ ವಾಪಸ್ ಬಂದು ಇಲ್ಲಿ ಪ್ರಾಕ್ಟೀಸ್ ಮಾಡಬೇಕು ಅನ್ನೋರು ನೀಟ್ ಪಾಸಾಗಿರಲೇಬೇಕು. ಜೊತೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದ ಪ್ರಕಾರ ಕೋರ್ಸು ಇಂಗ್ಲಿಷ್ ಮಾಧ್ಯಮದಲ್ಲಿ, ಕನಿಷ್ಠ 54 ತಿಂಗಳು ಇರಬೇಕು. ಇದನ್ನ ನೋಡದೆ ಹೊರಟರೆ ಆರು ವರ್ಷ ಓದಿದ್ದು ಇಲ್ಲಿ ಕೆಲಸಕ್ಕೆ ಬರಲ್ಲ.

ಮೂರು, ಎರಡು ದೇಶಗಳ ನಡುವಿನ ಹವಾಮಾನ. 2025ರ ಮೇ ತಿಂಗಳಲ್ಲಿ ಭಾರತ–ಪಾಕಿಸ್ತಾನ ಸಂಘರ್ಷದ ಹೊತ್ತಲ್ಲಿ ಟರ್ಕಿ ತಗೊಂಡ ನಿಲುವಿನ ಮೇಲೆ ಇಲ್ಲಿ ಸಿಟ್ಟೆದ್ದಿತು. ದೆಹಲಿಯ ಜೆಎನ್‌ಯು ಅಲ್ಲಿನ ಒಂದು ವಿಶ್ವವಿದ್ಯಾಲಯದ ಜೊತೆಗಿನ ಒಪ್ಪಂದ ನಿಲ್ಲಿಸಿತು. ಅರ್ಜಿ ಹಾಕೋ ವರ್ಷ ಪರಿಸ್ಥಿತಿ ಏನಿದೆ, ನಿಮ್ಮ ಕೋರ್ಸಿಗೆ ಭಾರತದಲ್ಲಿ ಮಾನ್ಯತೆ ಇದೆಯಾ, ಇವೆರಡನ್ನೂ ವಿಚಾರಿಸಿಯೇ ಮುಂದೆ ಹೋಗಿ.

3/9

ಈಗ ಆ ಅರ್ಜಿ ಏನು ಕೇಳುತ್ತೆ ನೋಡೋಣ. ಗುರುತಿನ ದಾಖಲೆ ಅಥವಾ ಪಾಸ್‌ಪೋರ್ಟ್. ಮಾರ್ಕ್ಸ್ ಕಾರ್ಡುಗಳು. ಕೋರ್ಸ್ ಕೇಳಿದರೆ ಭಾಷಾ ಪರೀಕ್ಷೆಯ ಸ್ಕೋರು. ಈ ವಿಷಯವನ್ನೇ ಯಾಕೆ ಓದಬೇಕು ಅಂತ ನಿಮ್ಮ ಮಾತಲ್ಲಿ ಬರೆದ ಒಂದು ಪತ್ರ. ಮೊದಲ ಸುತ್ತು ದಾಟಿದವರಿಗೆ ಸಂದರ್ಶನ.

ಪಟ್ಟಿ ನೋಡಿದರೆ ಇದರಲ್ಲಿ ನಮ್ಮಿಂದ ಆಗದೇ ಇರೋದು ಏನೂ ಇಲ್ಲ. ಆದರೂ ನಮ್ಮವರು ಎಲ್ಲಿ ಎಡವ್ತಾರೆ ಗೊತ್ತಾ? ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ "ಮಂಜುನಾಥ ಕೆ ಎಸ್", ಆಧಾರಲ್ಲಿ ಬರೀ "ಮಂಜುನಾಥ್", ಟಿಸಿಯಲ್ಲಿ ಅಪ್ಪನ ಹೆಸರಿಗೆ ಇನ್ನೊಂದು ಸ್ಪೆಲ್ಲಿಂಗು. ಪಾಸ್‌ಪೋರ್ಟ್ ಅರ್ಜಿಗೆ ಕೂತಾಗಲೇ ಇದೆಲ್ಲ ಒಟ್ಟಿಗೆ ಎದ್ದು ಬರೋದು. ತಿದ್ದಿಸೋಕೆ ಶಾಲೆ, ಬಿಇಓ ಕಚೇರಿ, ಆಧಾರ್ ಸೆಂಟರ್ ಅಂತ ಓಡಾಡೋ ಹೊತ್ತಿಗೆ ಫೆಬ್ರವರಿ ಮುಗಿದಿರುತ್ತೆ.

ಇನ್ನು ಆ ಪತ್ರ. "ನಾನು ಯಾಕೆ ಓದಬೇಕು" ಅಂತ ನಮ್ಮನ್ನ ಹತ್ತು ಹನ್ನೆರಡು ವರ್ಷದಲ್ಲಿ ಯಾರಾದ್ರೂ ಕೇಳಿದಾರಾ? ಪ್ರಬಂಧ ಬರೆಸಿದಾರೆ: ಗ್ರಂಥಾಲಯಗಳ ಮಹತ್ವ, ರಾಷ್ಟ್ರೀಯ ಹಬ್ಬಗಳು. ನಮ್ಮ ಬಗ್ಗೆ ಒಂದು ಪುಟ ಬರೆಸಿಲ್ಲ. ಭದ್ರಾ ಡ್ಯಾಂ ಪಕ್ಕ ಲಕ್ಕವಳ್ಳಿಯಲ್ಲಿ ಬೆಳೆದ ಹುಡುಗಿಗೆ ನೀರಾವರಿ ಎಂಜಿನಿಯರಿಂಗ್ ಯಾಕೆ ಓದಬೇಕು ಅನ್ನೋದಕ್ಕೆ ಅವಳ ಊರೇ ಕಾರಣ ಕೊಡುತ್ತೆ. ಅಜ್ಜಂಪುರದ ಅಮೃತ ಮಹಲ್ ಕಾವಲು ನೋಡ್ಕೊಂಡು ಬೆಳೆದವನಿಗೆ ಪಶುವೈದ್ಯ ಯಾಕೆ ಅಂತ ಬೇರೆಯವರು ಹೇಳಿಕೊಡಬೇಕಾ? ಕಾರಣ ನಮ್ಮ ಹತ್ರ ಇದೆ. ಬರೆಯೋ ಅಭ್ಯಾಸ ಇಲ್ಲ.

ಅಂದ್ರೆ ದೂರ ದೇಶದ ಅರ್ಜಿ ಬೇಡೋದು ಎರಡು ಅಭ್ಯಾಸ: ಕಾಗದ ಸರಿ ಇಟ್ಕೊಳ್ಳೋದು, ದಿನಾಂಕಕ್ಕೆ ಮುಂಚೆ ಕೆಲಸ ಮುಗಿಸೋದು. ಇವೆರಡನ್ನೂ ನಮ್ಮೂರಲ್ಲೇ ಕಲಿಯಬಹುದು. ಹೇಗೆ ಅಂತ ಮುಂದಿನ ಪೋಸ್ಟು. ಅದನ್ನ ಸೇವ್ ಮಾಡ್ಕೊಳ್ಳಿ.

4/9

ನಮ್ಮ ಮನೆ ಬಾಗಿಲಿಗೇ ಇರೋ ಸ್ಕೀಮುಗಳು. ಎಲ್ಲ ಬರೆಯೋಕೆ ಜಾಗ ಸಾಲಲ್ಲ, ಮುಖ್ಯವಾದವು ಮಾತ್ರ.

ಎಂಟನೇ ಕ್ಲಾಸು: ಎನ್‌ಎಂಎಂಎಸ್. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಪರೀಕ್ಷೆ. ಮನೆ ಆದಾಯ ವರ್ಷಕ್ಕೆ 3.5 ಲಕ್ಷದ ಒಳಗಿರಬೇಕು. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000.

ಪಿಯು ಮತ್ತು ಮೇಲೆ: ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ–ವಸತಿಗೆ ಕೊಡೋ ವಿದ್ಯಾಸಿರಿ, ಎಲ್ಲ ಇಲ್ಲೇ.

ರೈತರ ಮಕ್ಕಳು: 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ. ಶುರುವಾದಾಗ ನಿಗದಿ ಮಾಡಿದ್ದು ಪಿಯು, ಐಟಿಐಗೆ 2,500, ಹುಡುಗೀರಿಗೆ 3,000. ಡಿಗ್ರಿಗೆ 5,000, ಹುಡುಗೀರಿಗೆ 5,500. ಎಂಜಿನಿಯರಿಂಗ್, ಎಂಬಿಬಿಎಸ್, ಪಿಜಿಗೆ 10,000, ಹುಡುಗೀರಿಗೆ 11,000.

ಪಿಯುನಲ್ಲಿ ಒಳ್ಳೇ ಅಂಕ ತೆಗೆದವರು: ಕೇಂದ್ರದ ಎನ್‌ಎಸ್‌ಪಿ ಪೋರ್ಟಲ್‌ನಲ್ಲಿ ಪಿಎಂ–ಯುಎಸ್‌ಪಿ. ನಿಮ್ಮ ವಿಭಾಗದಲ್ಲಿ ನೂರಕ್ಕೆ ಎಂಬತ್ತು ಜನಕ್ಕಿಂತ ಮೇಲಿದ್ದು, ಆದಾಯ 4.5 ಲಕ್ಷದ ಒಳಗಿದ್ದರೆ ಅರ್ಜಿ ಹಾಕಬಹುದು. ಡಿಗ್ರಿಯಲ್ಲಿ ವರ್ಷಕ್ಕೆ 12,000, ಪಿಜಿಯಲ್ಲಿ 20,000.

ಡಿಪ್ಲೊಮಾ, ಎಂಜಿನಿಯರಿಂಗ್ ಸೇರೋ ಹುಡುಗೀರು: ಎಐಸಿಟಿಇಯ ಪ್ರಗತಿ. ವರ್ಷಕ್ಕೆ 50,000, ಒಂದು ಮನೆಯಿಂದ ಇಬ್ಬರಿಗೆ. ಆದಾಯ ಮಿತಿ 8 ಲಕ್ಷ. ಅಂಗವಿಕಲ ವಿದ್ಯಾರ್ಥಿಗಳಿಗೆ ಸಕ್ಷಮ್ ಅಂತ ಇದೆ, ಅದೂ 50,000.

ಹತ್ತನೇ ಕ್ಲಾಸೂ ಪಿಯುನೂ ಸರ್ಕಾರಿಯಲ್ಲೇ ಓದಿದ ಹುಡುಗೀರು: ಅಜೀಂ ಪ್ರೇಮ್‌ಜಿ ಫೌಂಡೇಷನ್ ಸ್ಕಾಲರ್‌ಶಿಪ್. ಡಿಗ್ರಿ ಅಥವಾ ಡಿಪ್ಲೊಮಾ ಮೊದಲ ವರ್ಷದಲ್ಲಿ ಅರ್ಜಿ, ಕೋರ್ಸ್ ಮುಗಿಯೋವರೆಗೂ ವರ್ಷಕ್ಕೆ 30,000.

ಕಟ್ಟಡ ಕಾರ್ಮಿಕರ ಕಾರ್ಡ್ ಇರೋರ ಮಕ್ಕಳಿಗೆ ಕಾರ್ಮಿಕ ಇಲಾಖೆಯ ಸಹಾಯಧನ ಬೇರೆ. ಗಾರೆ ಕೆಲಸ, ಪೇಂಟಿಂಗ್, ಸೆಂಟ್ರಿಂಗ್ ಮಾಡೋ ಅಪ್ಪ ಇದ್ದರೆ ಕಾರ್ಡ್ ಇದೆಯಾ ಕೇಳಿ.

ನೆನಪಿಡಿ: ಎರಡು ಸ್ಕಾಲರ್‌ಶಿಪ್ ಒಟ್ಟಿಗೆ ತಗೊಳ್ಳೋಕೆ ಕೆಲವು ಕಡೆ ಬಿಡಲ್ಲ. ದೊಡ್ಡದು ಯಾವುದು ಅಂತ ಲೆಕ್ಕ ಹಾಕಿ ಆಮೇಲೆ ಹಾಕಿ. ಮೊತ್ತ, ದಿನಾಂಕ ವರ್ಷ ವರ್ಷ ಬದಲಾಗಬಹುದು, ಪೋರ್ಟಲಲ್ಲೇ ನೋಡ್ಕೊಳ್ಳಿ.

5/9

"ಇಷ್ಟೆಲ್ಲ ಇದೆ, ಮತ್ತೆ ಯಾಕೆ ಬರಲ್ಲ?" ಅಂತ ಕೇಳ್ತೀರಿ. ದುಡ್ಡು ಬೆಂಗಳೂರಿಂದ ಹೊರಟು ನಮ್ಮ ಅಕೌಂಟ್ ಸೇರೋ ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲುತ್ತೆ ನೋಡಿ.

ಬ್ಯಾಂಕ್: "ಅಕೌಂಟಿಗೆ ಆಧಾರ್ ಲಿಂಕ್ ಆಗಿದೆ" ಅಂತ ಎಲ್ಲರೂ ಹೇಳ್ತಾರೆ. ಕೆವೈಸಿಗೆ ಆಧಾರ್ ಕೊಡೋದು ಬೇರೆ, ಎನ್‌ಪಿಸಿಐ ಮ್ಯಾಪಿಂಗ್ ಬೇರೆ. ಸರ್ಕಾರದ ದುಡ್ಡು ಬರೋದು ಮ್ಯಾಪ್ ಆಗಿರೋ ಅಕೌಂಟಿಗೆ. ಎರಡು ಬ್ಯಾಂಕಲ್ಲಿ ಅಕೌಂಟ್ ಇದ್ದರೆ ಕೊನೆಗೆ ಯಾವುದಕ್ಕೆ ಮ್ಯಾಪ್ ಆಗಿದೆಯೋ ಅಲ್ಲಿಗೇ ಹೋಗುತ್ತೆ. ಎಷ್ಟೋ ಜನ "ಬಂದಿಲ್ಲ" ಅಂತ ಕೂತಿರ್ತಾರೆ, ದುಡ್ಡು ಮರೆತುಹೋದ ಇನ್ನೊಂದು ಪಾಸ್‌ಬುಕ್ಕಲ್ಲಿ ಇರುತ್ತೆ.

ಆದಾಯ ಪ್ರಮಾಣಪತ್ರ: ಇದಕ್ಕೆ ಅವಧಿ ಇರುತ್ತೆ. ಅವಧಿ ಮುಗಿದ ಆರ್‌ಡಿ ನಂಬರ್ ಹಾಕಿದರೆ ಪೋರ್ಟಲ್ ತಗೊಳ್ಳಲ್ಲ. ನಾಡಕಚೇರಿಯಲ್ಲಿ ಹೊಸದು ಬರೋಕೆ ದಿನ ಬೇಕು. ಅಡ್ಮಿಷನ್ ಟೈಮಲ್ಲಿ ಎಲ್ಲರೂ ಒಟ್ಟಿಗೆ ಹೋದರೆ ಸರ್ವರ್ ಕೂಡ ಸುಸ್ತಾಗುತ್ತೆ.

ಜಮೀನು: ರೈತ ವಿದ್ಯಾನಿಧಿಗೆ ಫ್ರೂಟ್ಸ್ ಐಡಿ ಬೇಕು. ಅದಕ್ಕೆ ಪಹಣಿ ಬೇಕು. ಪಹಣಿ ನೋಡಿದರೆ ಇನ್ನೂ ಅಜ್ಜನ ಹೆಸರಲ್ಲಿ, ಅಜ್ಜ ಹೋಗಿ ಹದಿನೈದು ವರ್ಷ. ಪೌತಿ ಖಾತೆ ಆಗಿಲ್ಲ, ಚಿಕ್ಕಪ್ಪ–ದೊಡ್ಡಪ್ಪ ಮಾತಾಡಲ್ಲ. ಉಳುಮೆ ಮಾಡೋನು ಅಪ್ಪ, ಕಾಗದದಲ್ಲಿ ಅಪ್ಪ ರೈತನೇ ಅಲ್ಲ. ಅಣ್ಣತಮ್ಮಂದಿರ ಮುನಿಸಿಗೆ ಮಗಳ ಸ್ಕಾಲರ್‌ಶಿಪ್ ದಂಡ ಕಟ್ಟುತ್ತೆ.

ಕಾಲೇಜು: ನೀವು ಅರ್ಜಿ ಹಾಕಿದರೆ ಮುಗಿದಿಲ್ಲ. ಕಾಲೇಜಿನವರು ಅವರ ಲಾಗಿನ್‌ನಲ್ಲಿ ಪರಿಶೀಲಿಸಿ ಮುಂದೆ ಕಳಿಸಬೇಕು. ಕಳಿಸದೇ ಇದ್ದರೆ ಅಲ್ಲೇ ಬಿದ್ದಿರುತ್ತೆ.

ಈ ನಾಲ್ಕರಲ್ಲಿ ಒಂದೂ ಬುದ್ಧಿವಂತಿಕೆಗೆ ಸಂಬಂಧಪಟ್ಟಿದ್ದಲ್ಲ, ನೋಡಿದ್ರಾ? ಯಾವುದೂ ಹದಿನಾರು ವರ್ಷದ ಹುಡುಗಿ ಒಬ್ಬಳೇ ಬಗೆಹರಿಸೋ ಕೆಲಸವೂ ಅಲ್ಲ. ಯಗಟಿಯಿಂದಲೋ ಶಿವನಿಯಿಂದಲೋ ಬುಕ್ಕಾಂಬುಧಿಯಿಂದಲೋ ತಾಲ್ಲೂಕಿಗೆ ಬಂದು ಹೋಗೋದು ಅಂದ್ರೆ ಒಂದು ದಿನದ ಕ್ಲಾಸು, ಅಪ್ಪನ ಒಂದು ದಿನದ ಕೂಲಿ. "ನಾಳೆ ಬನ್ನಿ" ಅಂದರೆ ಎರಡು ದಿನ. ಮೂರನೇ ಸಲ ಅಪ್ಪ ಹೇಳೋ ಮಾತು ನಮಗೆಲ್ಲ ಗೊತ್ತು: "ಹೋಗ್ಲಿ ಬಿಡವ್ವ, ಅದ್ಯಾವ ದೊಡ್ಡ ದುಡ್ಡು."

6/9

ಈಗ ನನ್ನ ಮುಖ್ಯ ಮಾತು.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಅರ್ಜಿ ಹಾಕೋದನ್ನ ಮರೆತು ಒಂದು ವರ್ಷ ಕಳಕೊಂಡ ರೆಗ್ಯುಲರ್ ವಿದ್ಯಾರ್ಥಿ ನಿಮಗೆ ಗೊತ್ತಾ? ನನಗಂತೂ ಗೊತ್ತಿಲ್ಲ. ಯಾಕೆ ಅಂದ್ರೆ ಆ ಅರ್ಜಿ ತುಂಬೋದು ಶಾಲೆ. ಫೋಟೋ ತಂದಿಲ್ಲ ಅಂದರೆ ಮೇಷ್ಟ್ರು ಬೈದು ಮನೆಗೆ ಕಳಿಸ್ತಾರೆ. ಹೆಸರು ತಪ್ಪಿದ್ದರೆ ಅವರೇ ಕರೆದು ತಿದ್ದಿಸ್ತಾರೆ. ಹಾಲ್ ಟಿಕೆಟ್ ಕೈಗೆ ಬರೋವರೆಗೂ ಅದು ಅವರ ತಲೆನೋವು. ಅರ್ಜಿಗಳು ಇಷ್ಟು ಕಷ್ಟ ಅನ್ನೋ ಇದೇ ಊರಲ್ಲಿ, ಇದೇ ಮಕ್ಕಳು, ಇದೇ ಅಪ್ಪಂದಿರು, ಒಬ್ಬರೂ ತಪ್ಪಲ್ಲ.

ಅದೇ ಮಗುವಿನ ಸ್ಕಾಲರ್‌ಶಿಪ್ ಮಾತ್ರ ಯಾಕೆ "ನೀನೇ ಹೋಗಿ ಸೈಬರಲ್ಲಿ ಹಾಕ್ಕೋ" ಆಗಬೇಕು?

ಸ್ಕಾಲರ್‌ಶಿಪ್ ಅರ್ಜಿ ಶಾಲೆ–ಕಾಲೇಜಿನ ಕೆಲಸ ಅಂತ ಎಣಿಕೆಗೆ ಬರಬೇಕು. ಎನ್‌ಎಂಎಂಎಸ್‌ಗೆ ಹೆಸರು ನೋಂದಾಯಿಸೋದು ಈಗಲೂ ಶಾಲೆಯ ಲಾಗಿನ್‌ನಿಂದಲೇ. ಮುಖ್ಯ ಶಿಕ್ಷಕರು ಮನಸ್ಸು ಮಾಡಿದ ಶಾಲೆಯಲ್ಲಿ ಎಂಟನೇ ಕ್ಲಾಸಿನವರು ಸಾಲಾಗಿ ಪರೀಕ್ಷೆಗೆ ಕೂರ್ತಾರೆ, ಮನಸ್ಸು ಮಾಡದ ಶಾಲೆಯಲ್ಲಿ ಮಕ್ಕಳಿಗೆ ಪರೀಕ್ಷೆ ಇದ್ದಿದ್ದೇ ಗೊತ್ತಾಗಲ್ಲ. ಮೂರು ಕಿಲೋಮೀಟರ್ ದೂರದ ಎರಡು ಶಾಲೆಗಳ ನಡುವೆ 48,000 ರೂಪಾಯಿ ವ್ಯತ್ಯಾಸ, ಅದೂ ಒಂದೊಂದು ಮಗುವಿಗೆ.

ಎಸ್‌ಎಸ್‌ಪಿಯಲ್ಲಿ ಕಾಲೇಜಿಗೆ ಇ–ದೃಢೀಕರಣ ಅಧಿಕಾರಿ ಇರ್ತಾರೆ. ಎನ್‌ಎಸ್‌ಪಿಗೆ ಸಂಸ್ಥೆಯ ನೋಡಲ್ ಅಧಿಕಾರಿ ಇರ್ತಾರೆ. ಅಂದ್ರೆ ಕಾಗದದ ಮೇಲೆ ಆಳು ಇದಾರೆ! ಆದರೆ ಬಂದ ಅರ್ಜಿ ನೋಡೋದಷ್ಟೇ ಅವರ ಕೆಲಸ, ಬಾರದೇ ಇರೋರನ್ನ ಹುಡುಕೋದು ಯಾರ ಕೆಲಸವೂ ಅಲ್ಲ. ನಾನು ಕೇಳೋದು ಚಿಕ್ಕದು. ಆ ಅಧಿಕಾರಿಯ ಹೆಸರು ನೋಟಿಸ್ ಬೋರ್ಡಲ್ಲಿ ಬರೀರಿ. ವಾರಕ್ಕೆ ಒಂದು ಗಂಟೆ ಅವರು ಇದಕ್ಕೇ ಅಂತ ಕೂರಲಿ. ಅಡ್ಮಿಷನ್ ದಿನವೇ ಯಾವ ಮಗುವಿಗೆ ಯಾವ ಸ್ಕೀಮ್ ಹೊಂದುತ್ತೆ ಅಂತ ಪಟ್ಟಿ ಮಾಡಲಿ.

ಮೇಷ್ಟ್ರುಗಳಿಗೆ ಕೆಲಸ ಜಾಸ್ತಿ ಅಂತೀರಾ? ಖಂಡಿತ ಜಾಸ್ತಿ. ಗಣತಿ, ಚುನಾವಣೆ, ಬಿಸಿಯೂಟ, ಮೊಟ್ಟೆ ಲೆಕ್ಕ, ಆ್ಯಪಲ್ಲಿ ಹಾಜರಿ. ಅದಕ್ಕೇ ಹೇಳ್ತಿರೋದು, ಇದನ್ನ ಸೇವೆ ಅಂತ ಬೇಡಬಾರದು, ಕೆಲಸ ಅಂತ ಲೆಕ್ಕ ಹಾಕಿ ಅದಕ್ಕೆ ಸಮಯ ಕೊಡಬೇಕು, ಬೇರೆ ಏನನ್ನಾದರೂ ಇಳಿಸಬೇಕು. ಶಾಲೆ ಗೇಟಿನ ಮೇಲೆ "ಶೇ 100 ಫಲಿತಾಂಶ" ಬ್ಯಾನರ್ ನೋಡಿದೀವಿ. "ನಮ್ಮ ಶಾಲೆಯಲ್ಲಿ ಅರ್ಹರಿದ್ದ ಎಲ್ಲರಿಗೂ ಸ್ಕಾಲರ್‌ಶಿಪ್ ಬಂತು" ಅನ್ನೋ ಬ್ಯಾನರ್ ಎಲ್ಲಾದರೂ ನೋಡಿದೀರಾ?

"ಬೇಕಾದವರು ಹೇಗಾದರೂ ತಿಳ್ಕೋತಾರೆ" ಅನ್ನೋರಿಗೂ ಒಂದು ಮಾತು. ಅಪ್ಪ ಕಚೇರಿಯಲ್ಲಿ ಗುಮಾಸ್ತ ಆಗಿರೋ ಹುಡುಗ ತಿಳ್ಕೋತಾನೆ. ಅಷ್ಟೇ ಮಾರ್ಕ್ಸ್ ತೆಗೆದ, ಅಪ್ಪನಿಗೆ ಓದೋಕೆ ಬರದ ಹುಡುಗಿ ತಿಳ್ಕೊಳ್ಳಲ್ಲ. ಹಾಗಿದ್ದರೆ ಸ್ಕಾಲರ್‌ಶಿಪ್ ಯಾರಿಗಾಗಿ ಮಾಡಿದ್ದು?

7/9

ಇನ್ನೊಂದು ಅಡ್ಡಗೋಡೆ ನಾವೇ ಕಟ್ಟಿದ್ದು. ನಾಚಿಕೆ ಮತ್ತು ಚುಚ್ಚುಮಾತು.

"ಎಸ್‌ಸಿ ಎಸ್‌ಟಿ ಸ್ಕಾಲರ್‌ಶಿಪ್ಪಿನವರು ಎದ್ದು ನಿಲ್ಲಿ" ಅಂತ ತುಂಬಿದ ಕ್ಲಾಸಲ್ಲಿ ಕರೆಯೋದು ಇನ್ನೂ ನಿಂತಿಲ್ಲ. ಎದ್ದು ನಿಂತವರ ಮುಖ ನೋಡಿದೀರಾ? "ನಿಮಗೇನಪ್ಪ, ಸ್ಕಾಲರ್‌ಶಿಪ್ ಬರುತ್ತೆ" ಅಂತ ಕ್ಯಾಂಟೀನಲ್ಲಿ ನಗೋರು ನಾವೇ. ಆಮೇಲೆ ಅದೇ ಕೈಯಲ್ಲಿ "ಟರ್ಕಿ ಸ್ಕಾಲರ್‌ಶಿಪ್" ರೀಲು ಸ್ಟೋರಿಗೆ ಹಾಕೋರೂ ನಾವೇ. ಟರ್ಕಿಯದು ಬಂದರೆ ಹೆಮ್ಮೆ, ಸಮಾಜ ಕಲ್ಯಾಣ ಇಲಾಖೆಯದು ಬಂದರೆ ನಾಚಿಕೆ. ಯಾವ ನ್ಯಾಯ ಇದು?

1913ರಲ್ಲಿ ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕ್ವಾಡರು ಒಬ್ಬ ಯುವಕನಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷ ಸ್ಕಾಲರ್‌ಶಿಪ್ ಕೊಟ್ಟು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಆ ಯುವಕ ಡಾ. ಬಿ.ಆರ್. ಅಂಬೇಡ್ಕರ್. ಪರಿಶಿಷ್ಟರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಶುರುವಾಯಿತು, ಆಗ ಅವರು ವೈಸರಾಯ್ ಮಂಡಳಿಯಲ್ಲಿದ್ದರು. ಇವತ್ತು ನಮ್ಮ ಕ್ಲಾಸ್‌ಮೇಟ್ ಎಸ್‌ಎಸ್‌ಪಿಯಲ್ಲಿ ತುಂಬೋ ಅರ್ಜಿಯ ಬೇರು ಅಲ್ಲಿದೆ. ಎದ್ದು ನಿಲ್ಲಿಸಿ ನಗೋ ವಿಷಯ ಅಲ್ಲ ಅದು.

ನಂಜನಗೂಡಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಹೆಸರು ಕೇಳಿದೀರಾ? 1946ರಲ್ಲಿ ಸರ್ಕಾರದ ಸ್ಕಾಲರ್‌ಶಿಪ್‌ಗೆ ಆಯ್ಕೆಯಾಗಿ, ಮರುವರ್ಷ ಹಡಗು ಹತ್ತಿ ಅಮೆರಿಕದ ಮಿಶಿಗನ್‌ಗೆ ಹೋಗಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದರು. ವಾಪಸ್ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಪಾಠ ಮಾಡಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅಂತ ಅವರನ್ನ ಕರೀತಾರೆ. ಅಲ್ಲೂ ಇದ್ದದ್ದು ಸ್ಕಾಲರ್‌ಶಿಪ್ಪೇ.

ಇವತ್ತಿಗೂ ವಿದೇಶಕ್ಕೆ ಕಳಿಸೋ ಸರ್ಕಾರಿ ದಾರಿಗಳಿವೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್, ರಾಜ್ಯದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಪ್ರಬುದ್ಧ. ಬೇರೆ ದೇಶಗಳು ಕೊಡೋವು ಎಲ್ಲರಿಗೂ: ಜಪಾನ್ ಸರ್ಕಾರದ ಮೆಕ್ಸ್ಟ್, ಯುರೋಪಿನ ಇರಾಸ್ಮಸ್ ಮುಂಡಸ್, ಎರಡು ವರ್ಷ ಕೆಲಸದ ಅನುಭವ ಇದ್ದರೆ ಬ್ರಿಟನ್ನಿನ ಚೀವ್‌ನಿಂಗ್. ನಮ್ಮ ದೇಶವೂ ಕೊಡೋ ಕಡೆ ಇದೆ. ಭಾರತದ ಐಸಿಸಿಆರ್ ಸ್ಕಾಲರ್‌ಶಿಪ್ ತಗೊಂಡು ಮೈಸೂರು ವಿಶ್ವವಿದ್ಯಾಲಯಕ್ಕೆ ಓದೋಕೆ ಬರೋ ವಿದೇಶಿ ವಿದ್ಯಾರ್ಥಿಗಳಿದಾರೆ. ಸಮುದ್ರ ದಾಟಿ ಬಂದವರು ನಮ್ಮ ದೇಶದ ದುಡ್ಡಲ್ಲಿ ತಲೆ ಎತ್ತಿ ಓದ್ತಾರೆ. ನಾವು ನಮ್ಮದೇ ದುಡ್ಡಿಗೆ ತಲೆ ತಗ್ಗಿಸ್ತೀವಿ.

8/9

ಇದು ಹುಡುಗೀರಿಗೆ, ಮತ್ತೆ ಅವರ ಅಣ್ಣತಮ್ಮಂದಿರಿಗೆ.

ದ್ವಿತೀಯ ಪಿಯು ಫಲಿತಾಂಶ ಬಂದು ಡಿಗ್ರಿ ಅಡ್ಮಿಷನ್ ಶುರುವಾಗೋವರೆಗಿನ ಕೆಲವು ವಾರ ಇದೆಯಲ್ಲ, ನಮ್ಮ ಕಡೆ ಎಷ್ಟೋ ಹುಡುಗೀರ ಬದುಕು ತೀರ್ಮಾನ ಆಗೋದು ಅಲ್ಲೇ. ಯಾರೂ "ಓದಬೇಡ" ಅನ್ನಲ್ಲ. "ಈ ವರ್ಷ ಕಷ್ಟ ಇದೆ, ಒಂದು ವರ್ಷ ಮನೇಲಿರು, ಮುಂದಿನ ವರ್ಷ ನೋಡೋಣ" ಅಂತಾರೆ. ಮುಂದಿನ ವರ್ಷ ನೋಡೋಕೆ ಬರೋದು ಗಂಡಿನ ಕಡೆಯವರು.

ಆ ಮಾತುಕತೆ ನಡೆಯೋ ಹೊತ್ತಲ್ಲಿ ಹುಡುಗಿ ಕೈಯಲ್ಲಿ ಒಂದು ಲೆಕ್ಕ ಇರಬೇಕು. "ಅಪ್ಪಾ, ಸರ್ಕಾರಿ ಕಾಲೇಜಿನ ಫೀಸು ಇಷ್ಟು, ಬಸ್ ಪಾಸು ಇಷ್ಟು. ನಾನು ಅರ್ಜಿ ಹಾಕೋಕೆ ಅರ್ಹಳಾಗಿರೋ ಸ್ಕಾಲರ್‌ಶಿಪ್ ವರ್ಷಕ್ಕೆ 30,000." ಕಣ್ಣೀರಿಗೆ ಕರಗದ ಅಪ್ಪಂದಿರು ಲೆಕ್ಕಕ್ಕೆ ಕೂರ್ತಾರೆ. ಗ್ಯಾರಂಟಿ ಇಲ್ಲ, ಆದರೆ ಬರಿಗೈಯಲ್ಲಿ ಕೂರೋದಕ್ಕಿಂತ ಮೇಲು. ಆ ಲೆಕ್ಕ ಮೇ ತಿಂಗಳಲ್ಲಿ ಕೈಲಿರಬೇಕು ಅಂದ್ರೆ ಯಾರಾದರೂ ಅವಳಿಗೆ ಡಿಸೆಂಬರಲ್ಲೇ ಹೇಳಿರಬೇಕು.

ಸರ್ಕಾರಕ್ಕೂ ಇಲ್ಲೇ ಒಂದು ಮಾತು. ಜೂನಲ್ಲಿ ಕಟ್ಟೋ ಫೀಸಿಗೆ ಮುಂದಿನ ಮಾರ್ಚಿಗೆ ದುಡ್ಡು ಬಂದರೆ, ಅದು ಓದಿಗೆ ಸಹಾಯ ಆಗಲ್ಲ, ಹಳೇ ಸಾಲ ತೀರಿಸೋಕೆ ಸಹಾಯ ಆಗುತ್ತೆ. ನಡುವಿನ ಒಂಬತ್ತು ತಿಂಗಳು ಕೈಸಾಲದ ಬಡ್ಡಿ ಕಟ್ಟೋದು ಅಪ್ಪನೇ. ಹೊಸ ಸ್ಕೀಮಿಗೆ ಹೊಸ ಹೆಸರು ಇಡೋ ಮುಂಚೆ, ಇರೋ ಸ್ಕೀಮಿನ ದುಡ್ಡು ಸೆಮಿಸ್ಟರ್ ಮುಗಿಯೋದರೊಳಗೆ ಬರೋ ಹಾಗೆ ಮಾಡಿ. ತಡವಾದರೆ ಯಾಕೆ ತಡ, ಯಾವ ಟೇಬಲ್ ಮೇಲಿದೆ ಅಂತ ನಮ್ಮ ಫೋನಿಗೆ ಕನ್ನಡದಲ್ಲಿ ಒಂದು ಮೆಸೇಜ್ ಕಳಿಸಿ. ಗ್ಯಾಸ್ ಸಿಲಿಂಡರ್ ಬುಕ್ ಆಗಿದ್ದಕ್ಕೆ ಮೆಸೇಜ್ ಬರುತ್ತೆ, ಇದಕ್ಕೆ ಬರೋಕೆ ಏನು ಕಷ್ಟ?

9/9

ಶಾಲೆ ಬದಲಾಗಲಿ, ಸರ್ಕಾರ ಬದಲಾಗಲಿ ಅಂತ ಬರೆದು ಕೂತರೆ ಈ ವರ್ಷದ ಎಂಟನೇ ಕ್ಲಾಸು ಕಳೆದೇ ಹೋಗುತ್ತೆ. ಅಲ್ಲಿವರೆಗೆ ನಾವು ಮಾಡಬಹುದಾದ್ದು ಇದೆ.

ನಿಮಗೆ: ಈ ಭಾನುವಾರ ಒಂದು ಫೈಲ್ ಮಾಡಿ. ಆಧಾರ್, ಮಾರ್ಕ್ಸ್ ಕಾರ್ಡ್, ಟಿಸಿ, ಜಾತಿ–ಆದಾಯ ಪತ್ರ, ಪಾಸ್‌ಬುಕ್, ಇದ್ದರೆ ಫ್ರೂಟ್ಸ್ ಐಡಿ. ಎಲ್ಲದರಲ್ಲೂ ಹೆಸರು ಒಂದೇ ಥರ ಇದೆಯಾ ಅಕ್ಷರ ಅಕ್ಷರ ನೋಡಿ. ಇಲ್ಲದಿದ್ದರೆ ಈಗಲೇ ತಿದ್ದಿಸೋಕೆ ಕೊಡಿ. ಬ್ಯಾಂಕಿಗೆ ಹೋಗಿ "ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ" ಅಂತ ಇದೇ ಪದದಲ್ಲಿ ಕೇಳಿ.

ಡಿಗ್ರಿಯಲ್ಲಿರೋರಿಗೆ: ನಿಮ್ಮ ಬೀದಿಯ ಐದು ಜನ ಜೂನಿಯರ್‌ಗಳನ್ನ ಹಿಡೀರಿ. ಏಳು, ಎಂಟನೇ ಕ್ಲಾಸಿನವರಿದ್ದರೆ ಎನ್‌ಎಂಎಂಎಸ್ ಬಗ್ಗೆ ಹೇಳಿ, ಅವರ ಮೇಷ್ಟ್ರನ್ನ ಕೇಳೋಕೆ ಹೇಳಿ. ಅರ್ಜಿ ತುಂಬೋಕೆ ಪಕ್ಕದಲ್ಲಿ ಕೂರಿ. ಅವರ ಪಾಸ್‌ವರ್ಡ್ ಅವರೇ ಬರ್ಕೊಳ್ಳಲಿ, ಓಟಿಪಿ ಯಾರಿಗೂ ಕೊಡಬಾರದು ಅಂತಲೂ ಹೇಳಿ.

ಊರಲ್ಲಿ ಗಣಪತಿ ಕೂರಿಸೋ ಸಂಘದವರಿಗೆ: ಕ್ರಿಕೆಟ್ ಟೂರ್ನಮೆಂಟ್ ಮಾಡ್ತೀರಿ, ರಕ್ತದಾನ ಮಾಡ್ತೀರಿ, ಒಳ್ಳೇದು. ವರ್ಷಕ್ಕೆ ಒಂದು ದಿನ ಪಂಚಾಯ್ತಿ ಕಟ್ಟೆ ಮೇಲೆ ಎರಡು ಲ್ಯಾಪ್‌ಟಾಪ್ ಇಟ್ಕೊಂಡು ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿ. ಶಾಮಿಯಾನಾನೂ ಬೇಡ.

ಟರ್ಕಿಗೆ ಹೋಗಬೇಕು ಅನ್ನೋರಿಗೆ: ಹೋಗಿ, ಖಂಡಿತ. ಪಿಯು ಮುಗಿಯೋ ಹೊತ್ತಿಗೆ ನಿಮಗೆ ಹದಿನೇಳು ಹದಿನೆಂಟು, ಮಿತಿ 21. ಅಂದ್ರೆ ಒಂದೇ ಸಲಕ್ಕೆ ಆಗದಿದ್ದರೂ ಇನ್ನೊಂದೆರಡು ಸಲ ಹಾಕೋಕೆ ವಯಸ್ಸಿದೆ. ಈ ವರ್ಷ ಎಸ್‌ಎಸ್‌ಪಿ ಅರ್ಜಿಯನ್ನ ಯಾರ ಸಹಾಯವೂ ಇಲ್ಲದೆ, ಕೊನೇ ದಿನಕ್ಕೆ ಒಂದು ತಿಂಗಳು ಮುಂಚೆ ಮುಗಿಸಿ ತೋರಿಸಿ. ಅದನ್ನ ಮಾಡಿದವರಿಗೆ ಜನವರಿಯ ಆ ಅರ್ಜಿ ಅಪರಿಚಿತ ಅನ್ಸಲ್ಲ.

ಎಲ್ಲರಿಗೂ ಒಂದು ಹೋಂವರ್ಕ್. ನಾಳೆ ಕಾಲೇಜಿಗೆ ಹೋಗಿ ಆಫೀಸಲ್ಲಿ ಮರ್ಯಾದೆಯಿಂದ ಕೇಳಿ: "ಸರ್, ನಮ್ಮ ಕಾಲೇಜಿನ ಇ–ದೃಢೀಕರಣ ಅಧಿಕಾರಿ ಯಾರು?" ಅವರ ಹೆಸರು ಇಲ್ಲಿ ಹಾಕೋದು ಬೇಡ. ಉತ್ತರ ಸಿಕ್ಕಿದರೆ ಕಾಮೆಂಟಲ್ಲಿ "ಸಿಕ್ಕಿದ್ರು" ಅಂತ ಬರೀರಿ. ಆಫೀಸಲ್ಲಿ ಯಾರಿಗೂ ಗೊತ್ತಿಲ್ಲ ಅಂದರೆ "ಹುಡುಕ್ತಿದೀವಿ" ಅಂತ ಬರೀರಿ. ಹುಡುಕ್ತಿರೋರು ಎಷ್ಟು ಜನ ಅಂತ ಎಣಿಸಿಕೊಂಡು, ಎಲ್ಲರೂ ಸೇರಿ ಪ್ರಿನ್ಸಿಪಾಲರಿಗೆ ಒಂದು ಮನವಿ ಬರೆಯೋಣ.

#ಕಡೂರು #ತರೀಕೆರೆ #ಅಜ್ಜಂಪುರ #ಬೀರೂರು #ವಿದ್ಯಾರ್ಥಿವೇತನ #ಸರ್ಕಾರಿಶಾಲೆ #ನಮ್ಮೂರಹುಡುಗೀರುಓದ್ಲಿ